ಶಾಲೆಯ ಸರಾಸರಿಯನ್ನು ಓದುವ ಬಗೆ

ಬಸವೇಶ್ವರನಗರದ ನಮ್ಮ ಮನೆಯಿಂದ ಕಾಮಾಕ್ಷಿಪಾಳ್ಯದ ಕಡೆಗೆ ನಡೆಯುತ್ತ ಹೋದಂತೆ ಮನೆಗಳು ಕಿರಿದಾಗುತ್ತವೆ, ಲೇತ್ ಯಂತ್ರಗಳ ಸದ್ದು ಹೆಚ್ಚುತ್ತದೆ. ಆ ಸದ್ದಿನ ನಡುವೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ನಿವೃತ್ತನಾದ ಮೇಲೆ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಮಕ್ಕಳಿಂದ ಪಾಠ ಓದಿಸುವ ಅಭ್ಯಾಸವಿಟ್ಟುಕೊಂಡಿದ್ದೇನೆ. ಒಂದು ದಿನ ಮುಖ್ಯೋಪಾಧ್ಯಾಯಿನಿಯವರು ಅಂಕಗಳ ಹಾಳೆಯೊಂದನ್ನು ನನ್ನ ಮುಂದಿಟ್ಟು, “ಸಾರ್, ಐದನೇ ತರಗತಿ ಸರಾಸರಿ ಹೋದ ವರ್ಷಕ್ಕಿಂತ ಏಳು ಅಂಕ ಇಳಿದಿದೆ. ಪೋಷಕರ ಸಭೆಯಲ್ಲಿ ಏನಂತ ಹೇಳಲಿ?” ಎಂದು ಕೇಳಿದರು. ಇಂಥ ಸುದ್ದಿ ಬೀದಿಗೆ ಮುಟ್ಟಿದರೆ ನಾಲ್ಕು ಮಂದಿ ವರ್ಗಾವಣೆ ಪತ್ರ ಕೇಳಿಕೊಂಡು ಬರುತ್ತಾರೆ. ಮಕ್ಕಳ ಸಂಖ್ಯೆ ತಗ್ಗಿದರೆ ಶಿಕ್ಷಕರ ಹುದ್ದೆಗೂ ಸಂಚಕಾರ. ಆಕೆಯ ಆತಂಕ ನನಗೆ ಅರ್ಥವಾಯಿತು.

ನಾನು ಗಣಿತದವನಲ್ಲ. ಆದರೂ ಸರಾಸರಿಯೆಂಬುದು ಯಾರಾದರೂ ಬಿಡಿಸಿ ನೋಡಬಹುದಾದ ಗಂಟು. ಕೇಳುಗರಿಗೆ ಸುಲಭವಾಗಲೆಂದು ಅಂಕೆಗಳನ್ನು ಬದಲಿಸಿ ಹೇಳುತ್ತೇನೆ. ಲೆಕ್ಕದ ಹದ ಮಾತ್ರ ಅದೇ. ಹೋದ ವರ್ಷದ ಸರಾಸರಿ 61 ಇತ್ತೆನ್ನಿ. ಈ ವರ್ಷ ತರಗತಿಯಲ್ಲಿ 14 ಮಕ್ಕಳು, ಸರಾಸರಿ 54. ಒಟ್ಟು ಅಂಕ 756. ಈ ಹದಿನಾಲ್ಕರಲ್ಲಿ ಐವರು ದಸರೆಯ ರಜೆಯ ನಂತರ ಸೇರಿದವರು. ಯಾದಗಿರಿ, ರಾಯಚೂರುಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರ ಮಕ್ಕಳು. ಅವರ ಸರಾಸರಿ 36, ಒಟ್ಟು 180. ಅದನ್ನು ಕಳೆದರೆ ಉಳಿಯುವುದು 576. ಒಂಬತ್ತು ಮಕ್ಕಳಿಗೆ ಹಂಚಿದರೆ ತಲಾ 64. ಎಂದರೆ, ಮೊದಲಿಂದಲೂ ಈ ಶಾಲೆಯಲ್ಲೇ ಕಲಿತ ಮಕ್ಕಳು ಹೋದ ವರ್ಷದವರಿಗಿಂತ ಮೂರಂಕ ಮುಂದಿದ್ದಾರೆ! ಶಾಲೆ ಇಳಿದಿಲ್ಲ, ಶಾಲೆಯೊಳಕ್ಕೆ ಬಂದವರು ಬದಲಾಗಿದ್ದಾರೆ. ತರಗತಿ ಚಿಕ್ಕದಾದಷ್ಟೂ ಈ ತೂಗಾಟ ಹೆಚ್ಚು. ಹದಿನಾಲ್ಕು ಮಕ್ಕಳಲ್ಲಿ ಒಬ್ಬನಿಗೆ ಜ್ವರ ಬಂದು ಸೊನ್ನೆ ಬಿದ್ದರೂ ಸರಾಸರಿ ನಾಲ್ಕೈದು ಅಂಕ ಜಾರುತ್ತದೆ.

ಈ ವಿವರಣೆಯಿಂದ ಆಕೆಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಆ ಐವರ 36 ಅಂಕ ಅಲ್ಲೇ ಉಳಿಯಿತಲ್ಲ! ಅವರು ಹೊರಗಿನವರೆಂದು ಲೆಕ್ಕದಿಂದ ಕೈಬಿಟ್ಟರೆ ಶಾಲೆಯ ಮಾನ ಉಳಿದೀತು, ಮಕ್ಕಳಿಗೇನು ಬಂತು?

ಆದ್ದರಿಂದ ಮುಂದಿನ ವಾರ ಆ ಮಕ್ಕಳನ್ನು ಕೂರಿಸಿಕೊಂಡು ಅಭ್ಯಾಸದ ಪ್ರಶ್ನೆಪತ್ರಿಕೆಯೊಂದನ್ನು ಒಂದೊಂದೇ ಪ್ರಶ್ನೆಯಂತೆ ನೋಡಿದೆ. ಅದರಲ್ಲಿ ಹೀಗೊಂದು ಪ್ರಶ್ನೆ: ಕಡಲೆಕಾಯಿ ಎಲ್ಲಿ ಬಿಡುತ್ತದೆ, ಮಣ್ಣಿನ ಒಳಗೋ, ಗಿಡದ ಕೊಂಬೆಯಲ್ಲೋ? ಹುಡುಗಿಯೊಬ್ಬಳು ಕೊಂಬೆಯಲ್ಲಿ ಎಂದು ಗುರುತು ಹಾಕಿದ್ದಳು. ತಪ್ಪು, ಸೊನ್ನೆ. ಏಕಮ್ಮ ಹೀಗೆ ಬರೆದೆ ಎಂದೆ. “ಕಡ್ಲಿಕಾಯಿ ಗಿಡದಾಗ ಬಿಡ್ತಾವ್ರಿ ಸರ. ಮಣ್ಣಾಗ ಬಿಡೂದು ಶೇಂಗಾರಿ” ಎಂದಳು. ನಲವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಬಸವನಗುಡಿಯ ಪರಿಷೆಯ ಕಡಲೆಕಾಯಿ ಅವಳ ಊರಿನಲ್ಲಿ ಶೇಂಗಾ. ಅವಳ ಕಡ್ಲಿ ನಮ್ಮ ಕಡಲೆಕಾಳು, ಅದು ಕೊಂಬೆಯಲ್ಲೇ ಬಿಡುವುದು. ಹೊಲವನ್ನು ಕಣ್ಣಾರೆ ಕಂಡ ಮಗು ಅದೊಂದೇ. ಆ ಪ್ರಶ್ನೆಯಲ್ಲಿ ಅಂಕ ಕಳೆದುಕೊಂಡದ್ದೂ ಅದೇ. ಈರುಳ್ಳಿ, ಉಳ್ಳಾಗಡ್ಡಿಗಳ ಕಥೆಯೂ ಇಂಥದ್ದೇ. ಎಲ್ಲ ತಪ್ಪುಗಳೂ ಹೀಗಲ್ಲವೆಂಬುದನ್ನೂ ಹೇಳಬೇಕು. ಆ ಐವರಲ್ಲಿ ಇಬ್ಬರಿಗೆ ಒತ್ತಕ್ಷರ ಓದಲು ಬರುತ್ತಲೇ ಇರಲಿಲ್ಲ. ಹಾಳೆಯ ಮೇಲೆ ಮಾತ್ರ ಮೂವರಿಗೂ ಹೆಚ್ಚುಕಡಮೆ ಒಂದೇ ಅಂಕ.

ಮಗುವನ್ನು ಅಳೆಯುವ ಕೋಲುಗಳು ನಮ್ಮಲ್ಲಿ ಹಲವಿವೆ. ಅವನ್ನು ಬೆರೆಸಿ ಮಾತನಾಡುವುದರಿಂದಲೇ ಅರ್ಧ ಗೊಂದಲ. 2005ರಿಂದ ಪ್ರಕಟವಾಗುತ್ತಿರುವ ‘ಅಸರ್’ ವರದಿಯ ಕಾರ್ಯಕರ್ತರು ಮನೆಗೇ ಹೋಗಿ, ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಷರ, ಪದ, ಚಿಕ್ಕದೊಂದು ಪರಿಚ್ಛೇದ, ಆಮೇಲೆ ಎರಡನೆಯ ತರಗತಿಯ ಮಟ್ಟದ ಕಥೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಓದಿಸುತ್ತಾರೆ. ಐದನೆಯ ತರಗತಿಯಲ್ಲಿದ್ದು ಆ ಕಥೆಯನ್ನು ಓದಬಲ್ಲವರು ದೇಶದಲ್ಲಿ 2018ರಲ್ಲಿ ನೂರಕ್ಕೆ 50.5 ಇದ್ದರು, ಕೊರೋನಾ ಕಾಲದ ಬೀಗಮುದ್ರೆಯ ನಂತರ, 2022ರಲ್ಲಿ, 42.8. ಆದರೆ ಈ ಸಮೀಕ್ಷೆ ಹಳ್ಳಿಗಳಿಗೆ ಸೀಮಿತ. ರಾಜಾಜಿನಗರ, ವಿಜಯನಗರಗಳ ಮಗು ಅದರೊಳಗೆ ಬರುವುದೇ ಇಲ್ಲ. ನಗರವನ್ನೂ ಒಳಗೊಂಡದ್ದು ಕೇಂದ್ರದ ರಾಷ್ಟ್ರೀಯ ಸಾಧನಾ ಸಮೀಕ್ಷೆ. 2021ರ ನವೆಂಬರ್ 12ರಂದು ಒಂದೇ ದಿನ ಸುಮಾರು 34 ಲಕ್ಷ ಮಕ್ಕಳು ಅದನ್ನು ಬರೆದರು. ಅದು ಆಯ್ದ ಶಾಲೆಗಳ ಮಾದರಿ ಪರೀಕ್ಷೆ. ಜಿಲ್ಲೆಯ ನಾಡಿ ಹಿಡಿಯಲು ಅದು ಸಾಕು, ಒಂದು ಶಾಲೆಯ ಗುಣದೋಷ ಹೇಳಲು ಸಾಲದು.

ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡುವುದು ಮೂರನೆಯ ಬಗೆ. ನನ್ನ ಕಾಲದಲ್ಲಿ ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆಯಿತ್ತು. ಫೇಲಾದವರಲ್ಲಿ ಹಲವರು ಹೊಲಕ್ಕೋ ಹೋಟೆಲಿಗೋ ಹೋದರು, ತಿರುಗಿ ಬರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 30ನೆಯ ಪ್ರಕರಣವು ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವೂ ಮಂಡಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾದ್ದಿಲ್ಲ ಎಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳ ಕೊನೆಗೆ ಪರೀಕ್ಷೆ ನಡೆಸಲು ಎಡೆಮಾಡಿತು. ಈ ಎರಡರ ನಡುವಿನ ಇಕ್ಕಟ್ಟು ನಮ್ಮ ರಾಜ್ಯದಲ್ಲಿ ನ್ಯಾಯಾಲಯವನ್ನೇರಿತು. 2024ರಲ್ಲಿ ಮಾರ್ಚ್ 6ರಂದು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಮಂಡಲಿಯ ಪರೀಕ್ಷೆಯನ್ನು ರದ್ದುಮಾಡಿತು. ಮರುದಿನ ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು. 11ರಂದು ಪರೀಕ್ಷೆ ಆರಂಭವಾಯಿತು. 12ರಂದು ಸರ್ವೋಚ್ಚ ನ್ಯಾಯಾಲಯ ಆ ತಡೆಯನ್ನು ತೆಗೆದುಹಾಕಿ ಪರೀಕ್ಷೆ ನಿಂತಿತು. 22ರಂದು ಮತ್ತೆ ಅನುಮತಿ. ಏಪ್ರಿಲ್ 8ರಂದು ಫಲಿತಾಂಶಕ್ಕೆ ತಡೆ. ಹತ್ತು ವರ್ಷದ ಮಗು ಈ ತಾರೀಖುಗಳ ನಡುವೆ ಪುಸ್ತಕ ಹಿಡಿದು ಕೂತಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ–ಕಲಿಯಲ್ಲಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂದು ಹೇಳಿದವರೂ ನಾವೇ ಎಂಬುದನ್ನು ನೆನೆದರೆ ನಗು ಬರುತ್ತದೆ, ಅಷ್ಟೇನೂ ಸಂತೋಷದ ನಗುವಲ್ಲ.

ಪರೀಕ್ಷೆಯೇ ಬೇಡವೆನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಒತ್ತಕ್ಷರ ಬಾರದ ಆ ಇಬ್ಬರ ಸಂಗತಿ ಪರೀಕ್ಷೆಯಿಲ್ಲದಿದ್ದರೆ ಬೆಳಕಿಗೇ ಬರುತ್ತಿರಲಿಲ್ಲ. ನನ್ನ ತಕರಾರು ಉತ್ತರಪತ್ರಿಕೆಯನ್ನು ಕೂಡಿಸಿ, ಭಾಗಿಸಿ, ಕಟ್ಟಿಡುವುದರ ಬಗೆಗೆ. ಜೂನ್‌ನಲ್ಲಿ ಮಗು ಎಲ್ಲಿತ್ತು, ಮಾರ್ಚ್‌ನಲ್ಲಿ ಎಲ್ಲಿಗೆ ಬಂತು, ಯಾವ ಪ್ರಶ್ನೆಯಲ್ಲಿ ಎಡವಿತು ಎಂಬ ಮೂರು ಸಂಗತಿಗಳು ಆ ಕಟ್ಟಿನೊಳಗೇ ಇರುತ್ತವೆ.

ಮುಖ್ಯೋಪಾಧ್ಯಾಯಿನಿಯವರು ಈಗ ಅಂಕಗಳ ಹಾಳೆಯಲ್ಲಿ ಹೊಸದೊಂದು ಅಂಕಣ ಗೆರೆಹಾಕಿದ್ದಾರೆ: ಶಾಲೆಗೆ ಸೇರಿದ ತಿಂಗಳು. ಪೋಷಕರ ಸಭೆಯಲ್ಲಿ ಅದನ್ನೇ ಓದಿದರು. ಶೇಂಗಾ ಹೇಳಿಕೊಟ್ಟ ಹುಡುಗಿಯ ಮನೆಯವರು ಆ ಹೊತ್ತಿಗೆ ಯುಗಾದಿಗೆಂದು ಊರಿಗೆ ಹೋಗಿದ್ದರು. ಕಟ್ಟಡದ ಕೆಲಸ ಈಗ ಕೆಂಗೇರಿಯ ಆಚೆಗೆ ಸರಿದಿದೆಯಂತೆ. ಮರಳಿದರೆ ಅವಳು ಅಲ್ಲಿನ ಯಾವುದೋ ಶಾಲೆಗೆ ಸೇರುತ್ತಾಳೆ, ಬಹುಶಃ ಮತ್ತೆ ದಸರೆಯ ನಂತರ.