ಹಳೆಯ ಪುಟಗಳಲ್ಲಿ ನಮ್ಮ ಊರು

ಬ್ರಿಟಿಷರ ಕಾಲದ ‘ಇಂಪೀರಿಯಲ್ ಗೆಜೆಟಿಯರ್’ ಗ್ರಂಥದ 1908ರ ಸಂಪುಟಗಳಲ್ಲಿ ನಮ್ಮ ಊರುಗಳ ವರ್ಣನೆಯಿದೆ. ಆ ಪುಟಗಳು ಇಂದು ಗಣಕಯಂತ್ರದಲ್ಲಿ ಲಭ್ಯವಾಗಿವೆ. ಆದರೆ ಅಲ್ಲಿ ಉಡುಪಿಯು ‘ಉಡಿಪಿ’. ಪೋರ್ಚುಗೀಸರ ಬರಹಗಳಲ್ಲಿ ಕುಂದಾಪುರದ ಬಳಿಯ ಬಸರೂರು ‘ಬಾರ್ಸೆಲೋರ್’. ಇಂದಿನ ಹೆಸರನ್ನು ಹಿಡಿದು ಹುಡುಕಿದವನಿಗೆ ಹಳೆಯ ವರ್ಣನೆ ದೊರೆಯದು.

ಆದುದರಿಂದ ವಿದ್ವಾಂಸರು ಪ್ರತಿ ಸ್ಥಳಕ್ಕೂ ಗುರುತಿನ ಸಂಖ್ಯೆಯೊಂದನ್ನು ಕೊಟ್ಟು, ಅದರ ಎಲ್ಲ ಹೆಸರುಗಳನ್ನೂ ಅಕ್ಷಾಂಶ-ರೇಖಾಂಶಗಳನ್ನೂ ಗ್ರಂಥಗಳ ಪುಟಗಳನ್ನೂ ಅದಕ್ಕೆ ಪೋಣಿಸುತ್ತಾರೆ. ಬಳಿಕ ಯಾವ ಹೆಸರಿನಿಂದ ಕೇಳಿದರೂ ಎಲ್ಲವೂ ಒಟ್ಟಿಗೆ ದೊರೆಯುತ್ತವೆ.

ಒಂದೇ ಹೆಸರಿನ ಊರುಗಳು ಹಲವಿರುವಲ್ಲಿ ಯಂತ್ರವೂ ಎಡವುತ್ತದೆ. ನಾಡಿನಲ್ಲಿ ಹೊಸಹಳ್ಳಿಗಳು ಎಷ್ಟಿಲ್ಲ! ಯಾವುದು ಯಾವುದೆಂದು ಬಿಡಿಸಿ ಹೇಳಬಲ್ಲವರು ಆಯಾ ಊರಿನವರೇ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು, ಹಿರಿಯರ ಬಾಯಲ್ಲಿ ಉಳಿದಿರುವ ಹಳೆಯ ಹೆಸರುಗಳನ್ನು ಬರೆದಿಡೋಣ. ಅವರೊಡನೆ ಆ ಹೆಸರುಗಳೂ ಅಳಿದರೆ ಪುಟವಿದ್ದೂ ಊರು ಸಿಕ್ಕದು.