ಹಾರಿಹೋದ ಜಗಲಿ ಚಾವಣಿ

ಆಲಿಕಲ್ಲು ಬಿದ್ದಾಗ ಮಕ್ಕಳನ್ನು ಮನೆಯೊಳಗೆ ಹಿಡಿದಿಡುವುದು ಯಾರಿಂದಲೂ ಆಗದ ಕೆಲಸ. ಹೋದ ವರ್ಷ ಭರಣಿ ಮಳೆಯ ಒಂದು ಸಂಜೆ, ಮೈಸೂರಿನ ಅಗ್ರಹಾರದ ನಮ್ಮ ಬೀದಿಯಲ್ಲೂ ಹಾಗೇ ಆಯಿತು. ನಾಲ್ಕೂವರೆಯವರೆಗೂ ಸುಡುವ ಬಿಸಿಲು. ಐದು ಗಂಟೆಗೆ ಚಾಮುಂಡಿ ಬೆಟ್ಟದ ಕಡೆ ಕಪ್ಪುಗಟ್ಟಿತು, ತಣ್ಣನೆಯ ಗಾಳಿ ಬೀಸಿ ಧೂಳೆದ್ದಿತು, ಕರೆಂಟು ಹೋಯಿತು, ಕಡಲೆಕಾಳು ಗಾತ್ರದ ಆಲಿಕಲ್ಲು ಪಟಪಟನೆ ಉದುರತೊಡಗಿತು. ರಜಕ್ಕೆ ಬಂದಿದ್ದ ಮೊಮ್ಮಗಳು ಸ್ಟೀಲ್ ಲೋಟ ಹಿಡಿದು ಬೀದಿಗಿಳಿದಳು. ಎದುರು ಮನೆಯ ಹುಡುಗ ತಲೆಯ ಮೇಲೆ ಬಕೆಟ್ ಕವುಚಿಕೊಂಡು ಬಂದ. ನಾನು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ನಗುತ್ತಾ ನೋಡುತ್ತಿದ್ದೆ.

ತಲೆಯ ಮೇಲೆ ಏನೋ ಕಿರುಗುಟ್ಟಿತು. ಕತ್ತೆತ್ತಿ ನೋಡಿದರೆ ನಮ್ಮ ಜಗಲಿಯ ತಗಡಿನ ಚಾವಣಿ ಉಸಿರು ಎಳೆದುಕೊಂಡ ಹಾಗೆ ಮೇಲಕ್ಕೆದ್ದು ಕೂತಿತು, ಮತ್ತೆ ಎದ್ದಿತು. ಮೂರನೆಯ ಸಲ ಕೂರಲಿಲ್ಲ. ಎರಡು ಶೀಟು, ಅದರ ಜೊತೆ ಒಂದು ಕಂಬ, ಮಕ್ಕಳ ತಲೆಯ ಮೇಲಿಂದ ಹಾರಿ ಎದುರು ಮನೆಯ ಕಾಂಪೌಂಡಿಗೆ ಬಡಿದು ಮಸಾಲೆ ದೋಸೆಯ ಹಾಗೆ ಮಡಚಿಕೊಂಡವು. ಮಕ್ಕಳಿಗೂ ತಗಡಿಗೂ ಎರಡು ಮಾರು ಅಂತರವಿತ್ತು, ಅಷ್ಟೆ. ಮೊಮ್ಮಗಳು ಲೋಟವನ್ನು ಕೈಬಿಟ್ಟಿರಲಿಲ್ಲ. ನನ್ನ ಕಾಲು ನಡುಗುವುದು ನಿಲ್ಲಲು ರಾತ್ರಿಯಾಯಿತು.

ಮರುದಿನ ಬೆಳಿಗ್ಗೆ ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, "ನಿಮ್ಮ ತಗಡು ತೆಗೆಸಿಬಿಡಿ ರಾಯರೇ" ಎಂದು ಹೇಳಿ ಹೊರಟುಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಯಾಕೆಂದರೆ ತಪ್ಪು ನನ್ನದೇ. ಹನ್ನೆರಡು ವರ್ಷದ ಹಿಂದೆ ಆ ಚಾವಣಿ ಹಾಕಿಸುವಾಗ, "ಇಷ್ಟೊಂದು ಬೋಲ್ಟ್ ಯಾಕಪ್ಪಾ, ಒಂದು ಬಿಟ್ಟು ಒಂದು ಹಾಕು" ಎಂದವನು ನಾನು. ಎರಚಲು ಹೊಡೆಯುತ್ತದೆಂದು ಆಮೇಲೆ ಎರಡೂ ಪಕ್ಕ ಫೈಬರ್ ಶೀಟು ಬಡಿಸಿ ಮುಚ್ಚಿಸಿದವನೂ ನಾನೇ. ಬೋಲ್ಟುಗಳು ತುಕ್ಕು ಹಿಡಿದಿದ್ದು ಎರಡು ವರ್ಷದಿಂದ ಕಣ್ಣಿಗೆ ಬೀಳುತ್ತಿತ್ತು. 'ಬರುವ ವರ್ಷ ನೋಡೋಣ' ಎಂದುಕೊಂಡು ಪೇಪರ್ ಓದುತ್ತಾ ಅದರಡಿಯಲ್ಲೇ ಕೂತಿದ್ದೆ.

ಹೊಸದು ಹಾಕಲು ಬಂದ ವೆಲ್ಡಿಂಗ್ ಅಂಗಡಿಯ ಹುಡುಗ ತಗಡಿನ ಕಡೆ ನೋಡಲೇ ಇಲ್ಲ. ಕಿತ್ತುಹೋದ ಕಂಬದ ಗುಂಡಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಕೈ ಹಾಕಿ ಅಳೆದ. ಒಂದು ಗೇಣು ಆಳವೂ ಇರಲಿಲ್ಲ. "ಸಾರ್, ಚಾವಣಿ ತಲೆ ಮೇಲೆ ಬೀಳದ ಹಾಗೆ ಕಂಬ ಕೊಟ್ಟಿದ್ದೀರಿ. ಮೇಲೆ ಹಾರದ ಹಾಗೆ ಏನೂ ಕೊಟ್ಟಿಲ್ಲ" ಎಂದ.

ಮನೆ ಕಟ್ಟಿಸುವ ನಾವೆಲ್ಲ ಮರೆಯುವುದು ಇದನ್ನೇ. ಭಾರ ಕೆಳಕ್ಕೆ ಎಳೆಯುವುದು ಎಲ್ಲರಿಗೂ ಗೊತ್ತು. ಗಾಳಿ ಮೇಲಕ್ಕೆ ಎತ್ತುತ್ತದೆ ಎನ್ನುವುದು ಮಳೆಯಲ್ಲಿ ಕೊಡೆ ತಿರುಗಾಮುರುಗಾ ಆದಾಗ ಮಾತ್ರ ನೆನಪಾಗುತ್ತದೆ. ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದ ಜಗಲಿ ಎಂದರೆ ಬಿಚ್ಚಿದ ಕೊಡೆಯೇ. ಒಳಗೆ ನುಗ್ಗಿದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ, ಅದು ಕೆಳಗಿನಿಂದ ತಳ್ಳುತ್ತದೆ. ಚಾವಣಿಯ ಅಂಚು ದಾಟಿ ಮೇಲೆ ಹರಿಯುವ ಗಾಳಿ ಮೇಲಿನಿಂದ ಎಳೆಯುತ್ತದೆ. ಈ ಎಳೆತ ಮೂಲೆಗಳಲ್ಲೂ ಅಂಚಿನಲ್ಲೂ ಎಲ್ಲಕ್ಕಿಂತ ಜೋರು. ನಮ್ಮದೂ ಮೊದಲು ಎದ್ದಿದ್ದು ಮೂಲೆಯೇ.

ಎಷ್ಟು ಜೋರು? ಅಂಚೆ ಕಚೇರಿಯಲ್ಲಿ ಕೂಡಿ ಕಳೆದೇ ಆಯಸ್ಸು ಸವೆಸಿದವನು ನಾನು, ಲೆಕ್ಕ ಹಾಕದೆ ನಿದ್ದೆ ಬರಲಿಲ್ಲ. ಯಾವ ಊರಲ್ಲಿ ಎಷ್ಟು ವೇಗದ ಗಾಳಿಗೆ ಕಟ್ಟಡ ತಡೆಯಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ ಒಂದು ಮಾನಕವಿದೆ, ಐ.ಎಸ್. 875ರ ಮೂರನೆಯ ಭಾಗ. ಅದರ ಪ್ರಕಾರ ಮೈಸೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಚೆನ್ನೈಗೆ 50. ಮೂವತ್ತಮೂರು ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಲೆಕ್ಕದ ಸೂತ್ರ ಏಳನೆಯ ತರಗತಿಯವರಿಗೂ ಬರುತ್ತದೆ: ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲೆ ಎಷ್ಟು ನ್ಯೂಟನ್ ಒತ್ತಡ ಎಂದು ಸಿಗುತ್ತದೆ. ಮೊಮ್ಮಗಳು ಮಾಡಿದಳು. 653 ಬಂತು, ಅಂದರೆ ಚದರ ಮೀಟರಿಗೆ ಸುಮಾರು 66 ಕೆ.ಜಿ. ನಮ್ಮ ಜಗಲಿ ಹತ್ತು ಅಡಿಗೆ ಹನ್ನೆರಡು ಅಡಿ, ಹತ್ತಿರ ಹತ್ತಿರ ಹನ್ನೊಂದು ಚದರ ಮೀಟರ್. ಒಟ್ಟು ಏಳು ನೂರು ಕೆ.ಜಿ. ದಾಟಿತು. ಇಪ್ಪತ್ತೈದು ಕೆ.ಜಿ.ಯ ಇಪ್ಪತ್ತೆಂಟು ಅಕ್ಕಿ ಮೂಟೆ! ನಮ್ಮ ತಗಡಿನ ತೂಕವೋ, ಐವತ್ತು ಕೆ.ಜಿ. ಇದ್ದರೆ ಹೆಚ್ಚು. (ಎಂಜಿನಿಯರುಗಳು ಇನ್ನೂ ನಾಲ್ಕಾರು ಗುಣಕ ಸೇರಿಸುತ್ತಾರೆ. ನಮ್ಮದು ಅಡುಗೆಮನೆಯ ಲೆಕ್ಕ.)

"ಅವತ್ತು ಅಷ್ಟು ಗಾಳಿ ಇತ್ತಾ ತಾತ?" ಎಂದು ಕೇಳಿದಳು. ಇರಲಾರದು. ಆದರೆ ವೇಗ ಅರ್ಧವಾದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ, ಸೊನ್ನೆಗೆ ಇಳಿಯುವುದಿಲ್ಲ. ಅರ್ಧ ವೇಗಕ್ಕೂ ನೂರ ಎಂಬತ್ತು ಕೆ.ಜಿ. ಬಂತು. ಅದನ್ನು ತುಕ್ಕು ಹಿಡಿದ ಬೋಲ್ಟುಗಳು, ಅದೂ ಒಂದು ಬಿಟ್ಟು ಒಂದು, ಹಿಡಿದುಕೊಳ್ಳಬೇಕಿತ್ತು.

"ಹಾಗಾದರೆ ನಮ್ಮ ಹಳೆಯ ಹೆಂಚೇ ವಾಸಿಯಲ್ಲವೇ?" ಎಂದು ನನ್ನ ಹೆಂಡತಿ ಕೇಳಿದಳು. ನಮ್ಮ ತಂದೆಯವರ ಕಾಲದಲ್ಲಿ ಜಗಲಿಗೆ ಮರದ ಕಂಬ, ಮಂಗಳೂರು ಹೆಂಚು ಇತ್ತು. 1865ರಲ್ಲಿ ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಪರವಾಗಿ ಶುರುಮಾಡಿದ ಕಾರ್ಖಾನೆಯಿಂದ ಬೆಳೆದ ಹೆಂಚು ಅದು. ಒಂದೊಂದು ಎರಡು, ಎರಡೂವರೆ ಕೆ.ಜಿ. ತೂಗುತ್ತದೆ. ನಮ್ಮ ಜಗಲಿಯಷ್ಟು ಜಾಗಕ್ಕೆ ನಾನೂರು ಕೆ.ಜಿ.ಗೂ ಮೀರಿದ ತೂಕ, ಜೊತೆಗೆ ಸಂದುಗಳಲ್ಲಿ ಗಾಳಿ ಆಡುತ್ತದೆ. ಅಷ್ಟಾದರೂ ಅಂಚಿನ ಹೆಂಚು ಜಾರಿ ಬೀಳುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅದಲ್ಲದೆ ಅಷ್ಟು ಭಾರಕ್ಕೆ ಹೊಸ ಮರದ ತೊಲೆ, ರೀಪು ಹಾಕಿಸುವ ಶಕ್ತಿ ನನ್ನ ಪಿಂಚಣಿಗೆ ಇರಲಿಲ್ಲ. ತಗಡೇ ಎಂದಾಯಿತು.

ಅಷ್ಟರಲ್ಲಿ ಫ್ಲಾರಿಡಾದಲ್ಲಿರುವ ನನ್ನ ತಂಗಿಯ ಮಗ ಫೋನ್ ಮಾಡಿದ. ಅಲ್ಲಿ ಮನೆಯ ಹಿಂದೆ ಬಲೆ ಕಟ್ಟಿದ ಜಗಲಿಗಳಿರುತ್ತವೆ, ಅವನ ಮನೆಯಲ್ಲೂ ಇದೆ. ಅಟ್ಲಾಂಟಿಕ್ ಸಮುದ್ರದ ಚಂಡಮಾರುತಕ್ಕೆ ಅಲ್ಲಿ ಹರಿಕೇನ್ ಎನ್ನುತ್ತಾರೆ. ಒಂದೇ ಸಮನೆ ಗಂಟೆಗೆ 119 ಕಿಲೋಮೀಟರ್ ಬೀಸಿದರೆ ಮಾತ್ರ ಆ ಹೆಸರು. ನಮ್ಮ ಮೈಸೂರಿನ 119 ಮೂರು ಸೆಕೆಂಡಿನ ಒಂದು ಬೀಸು ಅಷ್ಟೆ, ಅದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಸಮುದ್ರದಿಂದ ದೂರವಿರುವ ನಮಗೆ ಬರುವುದು ಗುಡುಗು ಮೋಡದಿಂದ ಧೊಪ್ಪನೆ ಇಳಿದು ನೆಲದ ಮೇಲೆ ಹರಡಿಕೊಳ್ಳುವ ತಣ್ಣನೆ ಗಾಳಿ. "ಮಾವ, 1992ರಲ್ಲಿ ಆಂಡ್ರೂ ಎಂಬ ಹರಿಕೇನ್ ಬಂದಾಗ ಇಲ್ಲಿ ಎಷ್ಟೋ ಮನೆಗಳ ಚಾವಣಿ ಹಾರಿಹೋಯಿತಂತೆ. ಆಮೇಲೆ ನೋಡಿದರೆ, ಹಲಗೆಗೆ ಹೊಡೆದ ಮೊಳೆಗಳು ಕೆಳಗಿನ ಮರಕ್ಕೆ ತಗುಲಿಯೇ ಇರಲಿಲ್ಲ" ಎಂದ. ಅಲ್ಲಿಂದ ಮುಂದೆ ಕಾನೂನು ಬಿಗಿಯಾಯಿತು, 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ನಿಯಮ ಬಂತು. ತೊಲೆಯನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯುತ್ತಾರಂತೆ. ಇದನ್ನು ವೆಲ್ಡಿಂಗ್ ಹುಡುಗನಿಗೆ ಹೇಳಿದೆ. "ನಾನೂ ಅದೇ ಹೇಳಿದ್ದು ಸಾರ್, ನೀವು ಅಮೆರಿಕದಿಂದ ಕೇಳಿದ ಮೇಲೆ ನಂಬಿದಿರಿ" ಎಂದು ನಕ್ಕ.

ಅವನು ಕೆಲಸ ಶುರುಮಾಡಿದ್ದು ನೆಲದಿಂದ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಎರಡು ಅಡಿ ಆಳದ ನಾಲ್ಕು ಗುಂಡಿ. ಅದಕ್ಕೆ ತುಂಬಿದ ಕಾಂಕ್ರೀಟು ಒಂದೊಂದರಲ್ಲೂ ಸುಮಾರು ಮುನ್ನೂರು ಕೆ.ಜಿ. ನಾಲ್ಕೂ ಸೇರಿದರೆ ಎತ್ತುವ ಗಾಳಿಗಿಂತ ಭಾರ ಹೆಚ್ಚು ಎಂದು ಮೊಮ್ಮಗಳು ಕೂಡಿಸಿ ಹೇಳಿದಳು. ಕಾಂಕ್ರೀಟಿನಲ್ಲಿ ಹೂತ ಬೋಲ್ಟಿಗೆ ದಪ್ಪ ಪ್ಲೇಟು, ಪ್ಲೇಟಿಗೆ ಕಂಬ, ಕಂಬಕ್ಕೆ ತೊಲೆ, ತೊಲೆಗೆ ಅಡ್ಡ ಪೈಪು, ಪೈಪಿಗೆ ಶೀಟು, ಎಲ್ಲೂ ಕೊಂಡಿ ತಪ್ಪದ ಸರಪಳಿ. ಅಡ್ಡ ಪೈಪುಗಳು ಮೊದಲು ಮೂರಿದ್ದವು, ಈಗ ಐದು. ತಿರುಪುಗಳನ್ನು ಶೀಟಿನ ಉಬ್ಬಿನ ಮೇಲೆ ಹಾಕಿದ. ತಗ್ಗಿನಲ್ಲಿ ನೀರು ಹರಿಯುತ್ತದೆ, ಅಲ್ಲಿ ತೂತು ಮಾಡಿದರೆ ಸೋರುತ್ತದೆ. ಪ್ರತಿ ತಿರುಪಿಗೂ ರಬ್ಬರ್ ವಾಷರ್. ಅಂಚಿಗೂ ಮೂಲೆಗೂ ಹತ್ತಿರ ಹತ್ತಿರ, ನಡುವೆ ಸ್ವಲ್ಪ ದೂರ. ಮೂರು ಅಡಿ ಚಾಚಿದ್ದ ಸೂರನ್ನು ಒಂದು ಅಡಿಗೆ ಇಳಿಸಿದ. ಪಕ್ಕದ ಫೈಬರ್ ಶೀಟು ಹೋಗಿ ಕಬ್ಬಿಣದ ಜಾಲರಿ ಬಂತು. ಮಳೆ ಜೋರಾದರೆ ನನ್ನ ಪೇಪರಿಗೆ ಎರಚಲು ಹೊಡೆಯುತ್ತದೆ. ಹೊಡೆಯಲಿ, ಒಳಗೆ ಹೋಗಿ ಕೂರುತ್ತೇನೆ.

ಖರ್ಚು ಹಳೆಯದರ ಎರಡರಷ್ಟಾಯಿತು. ಆದರೆ ಈ ಸಲ ಬೋಲ್ಟು ಎಣಿಸುವಾಗ ನಾನು ಬಾಯಿ ಬಿಡಲಿಲ್ಲ.

ಈ ವರ್ಷ ಯುಗಾದಿ ಕಳೆದ ಮರುವಾರ ಏಣಿ ಹಾಕಿಸಿ ತಿರುಪುಗಳನ್ನು ನೋಡಿಸಿದೆ. ಹತ್ತುವ ವಯಸ್ಸು ನನ್ನದಲ್ಲ, ವೆಲ್ಡಿಂಗ್ ಹುಡುಗನೇ ಹತ್ತಿದ. ಮೊಮ್ಮಗಳು ಕೆಳಗೆ ನಿಂತು ಎಣಿಸಿದಳು, ಎದುರು ಮನೆಯ ಹುಡುಗ ಪುಸ್ತಕದಲ್ಲಿ ಗುರುತು ಹಾಕಿದ. ಎರಡು ಸಡಿಲವಾಗಿದ್ದವು, ಬಿಗಿಸಿದೆವು. ಎದುರು ಮನೆಯ ಅಜ್ಜಿ ತಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ, "ಹಾಗೇ ನಮ್ಮ ಮನೆ ಹಿತ್ತಲ ತಗಡೂ ಒಂದು ಸಲ ನೋಡಪ್ಪಾ" ಎಂದು ಆ ಹುಡುಗನನ್ನು ಕರೆದರು. ಏಣಿಯ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಮಕ್ಕಳಿಬ್ಬರೂ ಹಿಡಿದು ಬೀದಿ ದಾಟಿದರು.