ಮೂಸೆಯಲ್ಲಿ ಮೂಡಿದ ಉಕ್ಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಕಣ್ಣ ಮುಂದೆ ನಿಲ್ಲುವುವು ತೆಂಗಿನ ತೋಟಗಳು, ಕೊಬ್ಬರಿಯ ರಾಶಿಗಳು. ಆದರೆ ಚಿಕ್ಕನಾಯಕನಹಳ್ಳಿಯ ಬೆಟ್ಟಗಳ ಒಡಲಲ್ಲಿ ಕಬ್ಬಿಣದ ಅದಿರೂ ಇದೆ. ಹಿಂದೆ ಈ ಸೀಮೆಯ ಹಳ್ಳಿಗರು ಅದಿರನ್ನು ಇದ್ದಿಲಿನೊಡನೆ ಕುಲುಮೆಯಲ್ಲಿಟ್ಟು, ತಿದಿಯೊತ್ತಿ ಕಬ್ಬಿಣವನ್ನು ತೆಗೆಯುತ್ತಿದ್ದರು. ನೇಗಿಲಿನ ಗುಳಕ್ಕೆ ಆ ಮೆದು ಕಬ್ಬಿಣ ಸಾಕು. ಕತ್ತಿಯ ಅಲಗಿಗೆ, ಕಲ್ಲುಕುಟಿಗನ ಉಳಿಗೆ ಉಕ್ಕೇ ಬೇಕು.

ಕಬ್ಬಿಣವು ಉಕ್ಕಾಗುವುದು ಹೇಗೆ? 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಇದೇ ತುಮಕೂರು ಜಿಲ್ಲೆಗೆ ಸೇರಿದ ಚನ್ನರಾಯನದುರ್ಗದ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಜೇಡಿಮಣ್ಣಿನ ಪುಟ್ಟ ಮೂಸೆಯೊಳಗೆ ಒಂದು ಕಬ್ಬಿಣದ ತುಂಡು, ಮೂರು ರೂಪಾಯಿ ತೂಕದ ತಂಗಡಿಯ ಕಡ್ಡಿ, ಒಂದು ಬಳ್ಳಿಯ ಎರಡು ಹಸಿರೆಲೆಗಳನ್ನಿಟ್ಟು ಬಾಯನ್ನು ಮಣ್ಣಿನಿಂದ ಮುಚ್ಚುತ್ತಿದ್ದರು. ಬೆಂಕಿಯಲ್ಲಿ ಕಡ್ಡಿಯೂ ಎಲೆಯೂ ಕರಿಕಾಗಿ, ಅದರ ಇಂಗಾಲವು ಕಬ್ಬಿಣವನ್ನು ಸೇರುತ್ತಿತ್ತು. ಇಂಗಾಲ ತೀರ ಕಡಿಮೆಯಾದರೆ ಲೋಹವು ಮೆದುವಾಗಿಯೇ ಉಳಿಯುತ್ತದೆ. ಅತಿಯಾದರೆ ಪೆಟ್ಟಿಗೆ ಒಡೆಯುತ್ತದೆ. ಇಂತಹ ಉಕ್ಕಿನಲ್ಲಿ ಅದು 100ಕ್ಕೆ 1ರಿಂದ 2 ಭಾಗದಷ್ಟಿರುತ್ತದೆ. ಇಂಗಾಲದ ಹೆಸರನ್ನೇ ಕೇಳದ ಆ ಕುಶಲಿಗಳು ಕಡ್ಡಿಯ ತೂಕದಿಂದ, ಎಲೆಯ ಎಣಿಕೆಯಿಂದ ಈ ಹದವನ್ನು ಕಾಯುತ್ತಿದ್ದರು!

ದಕ್ಷಿಣ ಭಾರತದ ಇಂತಹ ಉಕ್ಕಿಗೆ ದೂರದ ದೇಶಗಳಲ್ಲಿ ಬಹಳ ಬೇಡಿಕೆಯಿತ್ತು. ಅದು ನೆಲದ ದಾರಿಯಿಂದ ಬಂದರುಗಳನ್ನು ಮುಟ್ಟಿ, ಕಡಲು ದಾಟಿ ಪರ್ಷಿಯಾ, ಅರಬ್ಬೀ ನಾಡುಗಳನ್ನು ಸೇರುತ್ತಿತ್ತು. ಅಲ್ಲಿಂದ ಮುಂದೆ ಒಂಟೆಗಳ ಸಾಲು ಅದನ್ನು ಹೊತ್ತು ಸಾಗುತ್ತಿತ್ತು. ನೀರಿನ ಅಲೆಯಂತಹ ಗೆರೆಗಳಿಂದ ಹೊಳೆಯುವ ‘ಡಮಾಸ್ಕಸ್’ ಖಡ್ಗಗಳ ಕೀರ್ತಿಗೆ ಈ ಉಕ್ಕೇ ಆಧಾರ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಇದರ ವಿಷಯವಾಗಿ ಪ್ರಬಂಧವನ್ನು ಮಂಡಿಸಿದನು. 1819ರಲ್ಲಿ ಮೈಕೇಲ್ ಫ್ಯಾರಡೆ ಇದನ್ನು ಪರೀಕ್ಷಿಸಿದನು. ಅವರು ಇದನ್ನು ಕರೆದ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ.

1856ರಲ್ಲಿ ಬೆಸೆಮರ್ ಟನ್ನುಗಟ್ಟಲೆ ಉಕ್ಕನ್ನು ಒಮ್ಮೆಗೇ ತಯಾರಿಸುವ ಕ್ರಮವನ್ನು ಕಂಡುಹಿಡಿದನು. ಅಗ್ಗದ ಕಾರ್ಖಾನೆಯ ಉಕ್ಕಿನೆದುರು ಪುಟ್ಟ ಮೂಸೆ ನಿಲ್ಲಲಾರದೆ ಹೋಯಿತು. ಕುಲುಮೆ ಆರಿದೊಡನೆ ಕಸುಬು ಹೋಯಿತು. ಕಸುಬಿನೊಡನೆ, ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಬಂದ ತಿಳಿವಳಿಕೆಯೂ ಹೋಯಿತು. ಅದನ್ನು ಬಲ್ಲವರು ಬರೆಯಲಿಲ್ಲ, ಬರೆದವನು ದಾರಿಹೋಕ. ಇಂದು ನಮ್ಮ ಸುತ್ತ ಉಳಿದಿರುವ ಕಸುಬುಗಳ ಬಗೆಯನ್ನು ಕೇಳಿ, ಕಂಡು, ಬರೆದಿಡುವ ಹೊಣೆ ನಮ್ಮದಲ್ಲವೆ?